ಭಾನುವಾರದ ಯುಗಾದಿ

ನಮ್ಮ ಮನೇಲಿ ಯುಗಾದಿ ಯಾವತ್ತು ಅಂತ ಪಂಚಾಂಗ ಹೇಳೋದಿಲ್ಲ, ಆಫೀಸಿನ ಕ್ಯಾಲೆಂಡರ್ ಹೇಳುತ್ತೆ. 2024ರಲ್ಲಿ ಹಬ್ಬ ಬಿದ್ದಿದ್ದು ಏಪ್ರಿಲ್ 9, ಮಂಗಳವಾರ. ಜಪಾನಿನಲ್ಲಿ ಏಪ್ರಿಲ್ ಅಂದ್ರೆ ಶಾಲೆಗಳಿಗೂ ಕಂಪನಿಗಳಿಗೂ ಹೊಸ ವರ್ಷ ಶುರುವಾಗೋ ತಿಂಗಳು. ಆ ವಾರ ರಜೆ ಕೇಳೋ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಸರಿ, ನಾಲ್ಕು ಕನ್ನಡ ಮನೆಯವರು ಸೇರಿ 14ನೇ ತಾರೀಖು ಭಾನುವಾರಕ್ಕೆ ಯುಗಾದಿ ಅಂತ ಠರಾವು ಪಾಸ್ ಮಾಡಿದ್ವಿ.

ನಾವಿರೋದು ಟೋಕಿಯೋದ ನಿಶಿಕಸಾಯಿಯಲ್ಲಿ. ವೈಟುಕೆ ಕಾಲದಲ್ಲಿ ಬಂದ ನಮ್ಮ ಸೀನಿಯರ್‌ಗಳು, ಬ್ಯಾಂಕುಗಳಿರೋ ಒತೆಮಾಚಿಗೆ ತೋಜಾಯ್ ಲೈನಿನಲ್ಲಿ ನೇರ ರೈಲಿದೆ ಅನ್ನೋ ಕಾರಣಕ್ಕೆ ಇಲ್ಲಿ ಮನೆ ಮಾಡಿದರು. ಅವರ ಹಿಂದೆ ತೊಗರಿಬೇಳೆ ಬಂತು, ಸಾಸಿವೆ ಬಂತು, ಮಕ್ಕಳಿಗೆ ಇಂಡಿಯನ್ ಸ್ಕೂಲೂ ಬಂತು. ಆದ್ರೆ ಬೇವಿನ ಮರ ಮಾತ್ರ ಬರಲಿಲ್ಲ ನೋಡಿ! ಅದಕ್ಕೆ ನಮ್ಮ ಬೇವು ಅಂದ್ರೆ ಗೋಯಾ, ಅಂದ್ರೆ ಒಕಿನಾವಾದ ಹಾಗಲಕಾಯಿ. ಬೆಲ್ಲ ಅಂದ್ರೆ ಅದೇ ಒಕಿನಾವಾದ ಕೊಕುತೋ ಅನ್ನೋ ಕರಿ ಸಕ್ಕರೆ. ರುಚಿ ಥೇಟ್ ನಮ್ಮ ಬೆಲ್ಲದ್ದೇ, ಹೋಳಿಗೆ ಮಾತ್ರ ಸ್ವಲ್ಪ ಕಪ್ಪಗಾಗುತ್ತೆ. ಮಾವಿನ ತೋರಣ ನನ್ನ ಮಗಳು ಹಸಿರು ಕಾಗದದಲ್ಲಿ ಕತ್ತರಿಸಿದ್ದು. ಆ ಭಾನುವಾರ ವಿಷು ಕೂಡಾ ಆಗಿತ್ತು, ಮೇಲಿನ ಮನೆಯ ಮಲಯಾಳಿ ದಂಪತಿ ಪಾಯಸ ತಂದ್ರು. ಹದಿನೈದು ಜನ ಎರಡು ರೂಮಿನ ಮನೇಲಿ ನೆಲದ ಮೇಲೆ ಕೂತು ಊಟ ಮಾಡಿದ್ವಿ. ನನ್ನ ಮಟ್ಟಿಗೆ ಅದು ಭರ್ಜರಿ ಯುಗಾದಿಯೇ.

ಸಂಜೆ ಫೋಟೋ ನೋಡಿ ಸಾಗರದಿಂದ ಅಮ್ಮನ ಫೋನು. "ಚೆನ್ನಾಗಿದೆ ಕಣೋ, ಆದ್ರೆ ಇವತ್ತು ಯುಗಾದಿ ಅಲ್ವಲ್ಲ."

ಈ ಮಾತಿಗೆ ನನ್ನ ಹತ್ರ ಉತ್ತರ ರೆಡಿ ಇತ್ತು. ಈ ದೇಶವೇ ತನ್ನ ಹಬ್ಬಗಳನ್ನೆಲ್ಲಾ ಎತ್ತಿ ಬೇರೆ ಕಡೆ ಇಟ್ಟಿದೆ! ಇವರಿಗೂ ಒಂದು ಕಾಲದಲ್ಲಿ ನಮ್ಮ ಹಾಗೇ ಚಾಂದ್ರಮಾನ ಲೆಕ್ಕ, ಅಧಿಕಮಾಸ ಎಲ್ಲ ಇತ್ತು. ಮೇಜಿ ಸರ್ಕಾರ ಒಂದು ಆಜ್ಞೆ ಹೊರಡಿಸಿ ಹಳೇ ಲೆಕ್ಕದ ಹನ್ನೆರಡನೇ ತಿಂಗಳ ಮೂರನೇ ದಿನವನ್ನೇ 1873ರ ಜನವರಿ 1 ಅಂತ ಮಾಡಿಬಿಟ್ಟಿತು. ಇದರ ಹಿಂದಿನ ಒಂದು ಕಾರಣ ಕೇಳಿದ್ರೆ ನಗು ಬರುತ್ತೆ. ಮುಂದಿನ ವರ್ಷ ಅಧಿಕಮಾಸ ಇತ್ತು, ಖಜಾನೆ ಖಾಲಿ ಇತ್ತು, ನೌಕರರಿಗೆ ಹದಿಮೂರು ಸಂಬಳ ಕೊಡಬೇಕಾಗ್ತಿತ್ತು. ಆಗ ಸರ್ಕಾರದಲ್ಲಿದ್ದ ಒಕುಮಾ ಶಿಗೆನೊಬು ಮುಂದೆ ಇದನ್ನ ತಾವೇ ಹೇಳಿಕೊಂಡಿದ್ದಾರೆ. ಎರಡೇ ದಿನಕ್ಕೆ ಮುಗಿದ ಆ ಡಿಸೆಂಬರಿನ ಸಂಬಳವನ್ನೂ ಕೊಡಲಿಲ್ಲವಂತೆ. ಕಾಸ್ಟ್ ಕಟಿಂಗ್ ನಮ್ಮ ಕಾಲದ್ದು ಅಂದುಕೊಂಡಿದ್ದೆ :-)

ಅಲ್ಲಿಂದ ಇವರ ಯುಗಾದಿ ಜನವರಿ ಒಂದಕ್ಕೆ ಬಂತು. ಪಿತೃಗಳು ಮನೆಗೆ ಬರೋ ಒಬೊನ್ ಟೋಕಿಯೋದಲ್ಲಿ ಜುಲೈ ಮಧ್ಯಕ್ಕೆ, ದೇಶದ ಬಹುಪಾಲು ಕಡೆ ಆಗಸ್ಟ್ ಮಧ್ಯಕ್ಕೆ. ಒಂದೇ ದೇಶದಲ್ಲಿ ಎರಡು ದಿನಾಂಕ, ಜಗಳ ಇಲ್ಲ. ಇಷ್ಟು ಸಾಲದು ಅಂತ 2000ದಲ್ಲಿ ಕೆಲವು ಸರ್ಕಾರಿ ರಜೆಗಳನ್ನ ಸೋಮವಾರಕ್ಕೆ ತಳ್ಳಿ ಮೂರು ದಿನ ಒಟ್ಟಿಗೆ ಸಿಗೋ ಹಾಗೆ ಮಾಡಿದ್ರು. ಅದರ ಹೆಸರೇ 'ಹ್ಯಾಪಿ ಮಂಡೇ'.

ಇನ್ನೊಂದು ವಾದವೂ ಇತ್ತು, ಇದು ಇಂಜಿನಿಯರ್ ತಲೆಯದ್ದು. ಸೂರ್ಯನಿಂದ ಚಂದ್ರ ಪ್ರತಿ ಹನ್ನೆರಡು ಡಿಗ್ರಿ ಮುಂದೆ ಹೋದಾಗ ಒಂದು ತಿಥಿ ಮುಗಿಯುತ್ತೆ, ಇಡೀ ಭೂಮಿಗೆ ಅದು ಒಂದೇ ಕ್ಷಣ. ಆದರೆ ಬಹಳಷ್ಟು ಹಬ್ಬಗಳ ದಿನ ಗೊತ್ತಾಗೋದು ಆ ಊರಿನ ಸೂರ್ಯೋದಯಕ್ಕೆ ಯಾವ ತಿಥಿ ಇದೆ ಅನ್ನೋದರ ಮೇಲೆ. ಟೋಕಿಯೋದಲ್ಲಿ ಸೂರ್ಯ ಹುಟ್ಟೋದು ಬೆಂಗಳೂರಿಗಿಂತ ಸುಮಾರು ನಾಲ್ಕು ಗಂಟೆ ಮೊದಲು. ಆ ನಾಲ್ಕು ಗಂಟೆಯ ಒಳಗೆ ತಿಥಿ ಬದಲಾದ್ರೆ ಅಲ್ಲಿ ಇವತ್ತು ಬೀಳೋ ಹಬ್ಬ ಇಲ್ಲಿ ನಾಳೆಗೆ! ಅಂದ್ರೆ ಊರಿನ ಪಂಚಾಂಗ ನೋಡಿ 'ಸರಿಯಾದ ದಿನ' ಅಂತ ಮಾಡೋರೂ ಒಮ್ಮೊಮ್ಮೆ ತಪ್ಪು ದಿನವೇ ಮಾಡ್ತಿರ್ತಾರೆ. ಟೈಮ್‌ಜೋನ್ ಬಗ್ ಅಂದ್ರೆ ಇದೇ. ಹೀಗಿರುವಾಗ ಭಾನುವಾರ ಮಾಡಿದ್ರೆ ಏನು ಮಹಾ?

ಅಮ್ಮ ಎಲ್ಲಾ ಕೇಳಿಸಿಕೊಂಡು "ಆಯ್ತಪ್ಪ, ನೀನು ಓದಿದೋನು" ಅಂದ್ಲು. ಗೆದ್ದೆ ಅಂದುಕೊಂಡೆ.

ಆ ಗೆಲುವಿನ ಅಮಲು ಇಳಿದಿದ್ದು ಅದೇ ವರ್ಷ ಕಾರ್ತಿಕದಲ್ಲಿ. ನಮ್ಮಪ್ಪ ಹೋಗಿದ್ದು 2022ರಲ್ಲಿ. ವರ್ಷಾಬ್ದಿಕಕ್ಕೆ ಊರಿಗೆ ಹೋಗಿದ್ದೆ. 2024ರ ತಿಥಿ ಬುಧವಾರ ಬಂತು. ಊರಲ್ಲಿ ಅಣ್ಣ ಶಾಸ್ತ್ರೋಕ್ತವಾಗಿ ಮಾಡ್ತಾನೆ, ನಾನಿಲ್ಲಿ ಒಪ್ಪೊತ್ತು ಇದ್ದು, ಎಳ್ಳು ನೀರು ಬಿಟ್ಟು, ಕಾಗೆಗೆ ಅನ್ನ ಇಡಬೇಕು, ಅಷ್ಟೇ. ಆದ್ರೆ ಆ ವಾರ ನಮ್ಮ ಪ್ರಾಜೆಕ್ಟ್ ರಿಲೀಸ್. "ಶನಿವಾರ ಮಾಡಿದ್ರಾಯ್ತು" ಅಂತ ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಬುಧವಾರ ಮಧ್ಯಾಹ್ನ ಕಾನ್ಫರೆನ್ಸ್ ರೂಮಿನಲ್ಲಿ ಕೂತು ಟೀಮಿನ ಜೊತೆ ಪಿಜ್ಜಾ ತಿಂದೆ. ತಿಂದಿದ್ದು ಈಗಲೂ ನೆನಪಿದೆ.

ಶನಿವಾರ ಬಾಲ್ಕನೀಲಿ ಅನ್ನ ಇಟ್ಟೆ. ಟೋಕಿಯೋ ಕಾಗೆಗಳನ್ನ ನೀವು ನೋಡಬೇಕು, ಕಸದ ಚೀಲಕ್ಕೆ ಬಲೆ ಹೊದಿಸದಿದ್ರೆ ಬೀದಿ ತುಂಬಾ ಹರಡಿ ಹೋಗ್ತವೆ, ಅಷ್ಟು ದೊಡ್ಡವು. ಪಕ್ಕದ ಮನೆಯವರು ನೋಡಿ ಏನಂತಾರೋ ಅಂತ ನಾನು ಹೆದರಿಕೊಂಡು ನಿಂತಿದ್ದೆ, ಎರಡೇ ನಿಮಿಷಕ್ಕೆ ಒಂದು ಬಂದು ಪೂರ್ತಿ ತಿಂದು ಹೋಯ್ತು. ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿ "ನೋಡು, ಕಾಗೆಗೆ ಪಂಚಾಂಗ ಗೊತ್ತಿಲ್ಲ" ಅಂದೆ.

"ಕಾಗೆಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತಲ್ಲ" ಅಂದ್ಲು ಅಮ್ಮ. ಬೈಲಿಲ್ಲ, ದನಿ ಏರಿಸಲಿಲ್ಲ. ಅಷ್ಟೇ ಹೇಳಿ, ಮಗಳಿಗೆ ಫೋನ್ ಕೊಡು ಅಂದ್ಲು.

ಆಮೇಲೊಂದು ದಿನ ಊಟದ ಹೊತ್ತಲ್ಲಿ ಈ ಕತೆಯನ್ನ ನನ್ನ ಜಪಾನಿ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ತಮ್ಮಲ್ಲೂ ತೀರಿಕೊಂಡವರ ಪುಣ್ಯತಿಥಿಗೆ ಎಲ್ಲ ನೆಂಟರೂ ಸೇರಲಿ ಅಂತ ವಾರಾಂತ್ಯಕ್ಕೆ ಇಟ್ಟುಕೊಳ್ಳೋದು ಮಾಮೂಲು ಅಂದ್ರು. ನನಗೆ ಸಮಾಧಾನ ಆಗೋದರಲ್ಲಿತ್ತು, ಅಷ್ಟರಲ್ಲಿ ಸೇರಿಸಿದ್ರು: ಆದರೆ ಯಾವಾಗಲೂ ಮುಂಚೆಯೇ ಮಾಡಬೇಕು, ದಿನ ಕಳೆದ ಮೇಲೆ ಮಾಡಬಾರದು. ನಾವು ಬೇಕಾದ್ರೆ ಅವಸರ ಮಾಡಬಹುದು, ಹೋದವರನ್ನ ಕಾಯಿಸಬಾರದು.

ದಿನ ಬದಲಾಯಿಸೋದರಲ್ಲೂ ಒಂದು ಮರ್ಯಾದೆ ಇದೆ ಅಂತ ನನಗೆ ಅವತ್ತು ಗೊತ್ತಾಯ್ತು. ಇಷ್ಟು ದಿನ ನಾನು ಜಪಾನಿನ ಇತಿಹಾಸದಿಂದ ನನಗೆ ಬೇಕಾದ ಅರ್ಧ ಮಾತ್ರ ಎತ್ತಿಕೊಂಡಿದ್ದೆ. ಎಲ್ಲವನ್ನೂ ಬದಲಾಯಿಸಿದ ಇದೇ ದೇಶ ಚಂದ್ರನನ್ನ ನೋಡೋ ಹಬ್ಬವನ್ನ, ತ್ಸುಕಿಮಿಯನ್ನ, ಇವತ್ತಿಗೂ ಹಳೇ ಲೆಕ್ಕದಲ್ಲೇ ಮಾಡುತ್ತೆ. ಮಾಡದೆ ಗತಿಯಿಲ್ಲ, ಸರ್ಕಾರದ ಆಜ್ಞೆಗೆ ಚಂದ್ರ ತುಂಬಿಕೊಳ್ಳೋದಿಲ್ಲ! 2025ರಲ್ಲಿ ಅದು ಅಕ್ಟೋಬರ್ 6, ಸೋಮವಾರ. ಅದೇ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಊರಲ್ಲಿ ಬಸುರಿ ಭೂಮಿತಾಯಿಗೆ ಅಂತ ಗದ್ದೆಯಲ್ಲಿ ಎಡೆ ಇಡ್ತಿದ್ರೆ ಇಲ್ಲಿ ಸುಸುಕಿ ಹುಲ್ಲಿನ ಕಟ್ಟು, ಅಕ್ಕಿ ಹಿಟ್ಟಿನ ಉಂಡೆ ಇಟ್ಟು ಬೆಳೆಗೆ ಕೃತಜ್ಞತೆ ಹೇಳೋದು. ನಾವು ಉಂಡೆಯ ಜೊತೆ ಕೊಟ್ಟೆ ಕಡುಬನ್ನೂ ಮಾಡಿದ್ವಿ, ಕೊಟ್ಟೆ ಮಾತ್ರ ಸ್ಟೀಲ್ ಲೋಟದ್ದು. ಭಾನುವಾರಕ್ಕೆ ಕಾಯಲಿಲ್ಲ.

ಈಗ ನನ್ನ ಅಭಿಪ್ರಾಯ ಇಷ್ಟು. ಹಬ್ಬವನ್ನ ಭಾನುವಾರಕ್ಕೆ ತರೋದು ತಪ್ಪಲ್ಲ. ಹಬ್ಬ ಇರೋದೇ ಜನ ಸೇರೋಕೆ, ಮಂಗಳವಾರ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ತಿನ್ನೋ ಹೋಳಿಗೆಗಿಂತ ಭಾನುವಾರ ಹದಿನೈದು ಜನ ತಿನ್ನೋದೇ ದೊಡ್ಡದು. ಮಗಳಿಗೆ ನೆನಪಲ್ಲಿ ಉಳಿಯೋದೂ ಅದೇ. ಅಪಾಯ ಇರೋದು ದಿನ ಬದಲಾಯಿಸೋದರಲ್ಲಿ ಅಲ್ಲ, ಜಾರೋದರಲ್ಲಿ. ಈ ಭಾನುವಾರ ಮುಂದಿನ ಭಾನುವಾರ ಆಗುತ್ತೆ, ಅದು "ಈ ಸಲ ಬಿಡು" ಆಗುತ್ತೆ, ಆಮೇಲೆ ಬರೀ ವಾಟ್ಸ್ಯಾಪ್ ಶುಭಾಶಯ ಆಗುತ್ತೆ. ಅದಕ್ಕೆ ನಮ್ಮ ಮನೇಲೊಂದು ನಿಯಮ ಮಾಡಿಕೊಂಡಿದ್ದೇವೆ. ಜನ ಸೇರೋ ಊಟ ಭಾನುವಾರ. ನಿಜವಾದ ದಿನ ಬೆಳಗ್ಗೆ ರೈಲು ಹಿಡಿಯೋ ಮುಂಚೆ ಚಿಟಿಕೆ ಗೋಯಾ, ಚೂರು ಕೊಕುತೋ ಬಾಯಿಗೆ. ಐದು ನಿಮಿಷ ಸಾಕು. ಆ ಐದು ನಿಮಿಷವೂ ಇಲ್ಲ ಅನ್ನೋನು ಆಫೀಸನ್ನ ಬೈಯಬಾರದು, ತನ್ನನ್ನೇ ಬೈಕೋಬೇಕು.

ಅಪ್ಪನ ತಿಥಿ ಮಾತ್ರ ಎಲ್ಲಿಗೂ ಹೋಗೋದಿಲ್ಲ. ಜಪಾನಿನವರ ಹಾಗೆ ಮುಂಚೆಗೂ ಇಲ್ಲ. ಅವರಿಗೆ ಅದು ನೆಂಟರು ಸೇರೋ ದಿನ, ನನಗಿಲ್ಲಿ ಸೇರೋಕೆ ನಾನೊಬ್ಬನೇ ತಾನೇ? 2025ರಲ್ಲಿ ರಜೆ ಹಾಕಿದೆ. ಕಾರಣ ಕೇಳಿದ ಮ್ಯಾನೇಜರಿಗೆ "ತಂದೆಯ ದಿನ" ಅಂದೆ, ತಲೆ ಬಾಗಿಸಿ ಸಹಿ ಮಾಡಿದ್ರು. ಹಿಂದಿನ ವರ್ಷ ಕೇಳಿದ್ರೂ ಬಹುಶಃ ಕೊಡ್ತಿದ್ರು. ನಾನು ಕೇಳಿರಲಿಲ್ಲ, ಅಷ್ಟೇ.

ನಿಮ್ಮನೆಯಲ್ಲಿ ಭಾನುವಾರಕ್ಕೆ ಹೋಗದೇ ಉಳಿದ ದಿನ ಯಾವುದು?