ತಪ್ಪು ಪ್ರೋಗ್ರಾಮರ್‌ದೋ, ಭಾಷೆಯದೋ? 30 ಲಕ್ಷ ಪ್ರಮಾಣಪತ್ರಗಳನ್ನು ಅಲುಗಾಡಿಸಿದ ಒಂದು ‘ಲೂಪ್’

“ಕಂಪ್ಯೂಟರ್ ತಪ್ಪು ಮಾಡುವುದಿಲ್ಲ. ತಪ್ಪೇನಿದ್ದರೂ ಪ್ರೋಗ್ರಾಂ ಬರೆದವರದ್ದು.” ಆ್ಯಪ್ ಕೈಕೊಟ್ಟಾಗ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದಾಗ ನಾವೆಲ್ಲ ಆಡುವ ಮಾತಿದು. ಆದರೆ ಇದು ಅರ್ಧ ಮಾತ್ರ ನಿಜ. ಕೆಲವು ತಪ್ಪುಗಳಿಗೆ ದಾರಿ ಮಾಡಿಕೊಡುವುದು ಪ್ರೋಗ್ರಾಮಿಂಗ್ ಭಾಷೆಯ ನಿಯಮಗಳೇ.

ಲೂಪ್ ಎಂದರೇನು?

ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ಗೆ ಹೊರಟ ಸಿಟಿ ಬಸ್ಸನ್ನು ನೆನಪಿಸಿಕೊಳ್ಳಿ. ಒಳಗೆ 40 ಜನ ಇದ್ದಾರೆ. ಕಂಡಕ್ಟರ್ ಒಬ್ಬೊಬ್ಬರ ಬಳಿಗೂ ಹೋಗಿ ಟಿಕೆಟ್ ಕೊಡಬೇಕು. ಹೀಗೆ ಒಂದೇ ಕೆಲಸವನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ಮಾಡು ಎಂಬ ಆದೇಶವೇ ‘ಲೂಪ್’. ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಗ್ಯಾಲರಿಯ ಫೋಟೊಗಳು ತೆರೆಯ ಮೇಲೆ ಬರುವುದರ ಹಿಂದೆಯೂ ಲೂಪ್ ಇದೆ.

ಈ ಆದೇಶವನ್ನು ಎರಡು ಬಗೆಯಲ್ಲಿ ಬರೆಯಬಹುದು.

ಮೊದಲನೆಯದು, 1970ರ ದಶಕದ ‘ಸಿ’ ಭಾಷೆಯ ರೀತಿ: “ಸೊನ್ನೆಯಿಂದ ಎಣಿಸು. ಎಣಿಕೆ 40ಕ್ಕಿಂತ ಕಡಿಮೆ ಇರುವವರೆಗೆ ಮುಂದುವರಿ. ಪ್ರತಿಸಲ ಒಂದು ಕೂಡಿಸು.” ಇಲ್ಲಿ ‘40ಕ್ಕಿಂತ ಕಡಿಮೆ’ ಎನ್ನುವ ಬದಲು ‘40ರವರೆಗೆ’ ಎಂದು ಬರೆದರೆ ಸಾಕು, ಕಂಡಕ್ಟರ್ ಬಸ್ಸಿನಲ್ಲಿ ಇಲ್ಲದ 41ನೆಯವರನ್ನು ಹುಡುಕುತ್ತಾ ಹೋಗುತ್ತಾರೆ! ಎಣಿಕೆ ಸೊನ್ನೆಯಿಂದ ಶುರುವಾಗಿದೆಯಲ್ಲ?

ಎರಡನೆಯದು: “ಬಸ್ಸಿನಲ್ಲಿರುವ ಒಬ್ಬೊಬ್ಬರಿಗೂ ಟಿಕೆಟ್ ಕೊಡು.” ಇಲ್ಲಿ ಬರೆಯುವವರು ಎಣಿಸುವುದೇ ಇಲ್ಲ, ಹಾಗಾಗಿ ಎಣಿಕೆ ತಪ್ಪುವುದೂ ಇಲ್ಲ. ‘ಮನೆಮನೆಗೆ’, ‘ಒಂದೊಂದೇ’ ಎಂದು ಪದವನ್ನು ಎರಡು ಸಲ ಹೇಳಿ ‘ಯಾವುದನ್ನೂ ಬಿಡದೆ’ ಎಂದು ಸೂಚಿಸುವುದು ಕನ್ನಡಿಗರಿಗೆ ಹೊಸದಲ್ಲ. ಪೈಥಾನ್ ಭಾಷೆಯಲ್ಲಿ ಈ ಬಗೆ ಮೊದಲಿನಿಂದಲೂ ಇದೆ. ಜಾವಾಗೆ 2004ರಲ್ಲಿ, ಸಿ ಪ್ಲಸ್ ಪ್ಲಸ್‌ಗೆ 2011ರಲ್ಲಿ ಬಂತು.

ಹಾಗಾದರೆ ಸಮಸ್ಯೆ ಮುಗಿಯಿತೇ?

ಇಲ್ಲ. 2020ರ ಫೆಬ್ರವರಿ 29ರಂದು ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆಯ ತಂತ್ರಾಂಶದಲ್ಲಿ ಒಂದು ದೋಷ ಪತ್ತೆಯಾಯಿತು. ವೆಬ್‌ಸೈಟ್ ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ಬರಬೇಕಾದರೆ ಒಂದು ಡಿಜಿಟಲ್ ಪ್ರಮಾಣಪತ್ರ ಬೇಕು. ಈ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಕೊಡುವ ಮೊದಲು, ಆ ವಿಳಾಸಕ್ಕೆ ಪತ್ರ ಕೊಡಲು ತನಗೆ ಅನುಮತಿ ಇದೆಯೇ ಎಂದು ನೋಡಬೇಕೆಂಬ ನಿಯಮವಿದೆ. ಒಂದೇ ಅರ್ಜಿಯಲ್ಲಿ ಹತ್ತು ವಿಳಾಸಗಳಿದ್ದು, ಹತ್ತನ್ನೂ ಮತ್ತೊಮ್ಮೆ ಪರಿಶೀಲಿಸಬೇಕಾದಾಗ, ತಂತ್ರಾಂಶ ಒಂದೇ ವಿಳಾಸವನ್ನು ಹತ್ತು ಸಲ ನೋಡುತ್ತಿತ್ತು. ಉಳಿದ ಒಂಬತ್ತನ್ನು ನೋಡುತ್ತಲೇ ಇರಲಿಲ್ಲ.

ಏಕೆ ಹೀಗಾಯಿತು? ಮತ್ತೆ ಬಸ್ಸಿಗೆ ಬನ್ನಿ. ಕಂಡಕ್ಟರ್ ಕೈಯಲ್ಲಿ ಒಂದೇ ಸ್ಲೇಟು. ಒಬ್ಬರ ಸೀಟ್ ನಂಬರ್ ಬರೆಯುತ್ತಾರೆ, ಅಳಿಸುತ್ತಾರೆ, ಮುಂದಿನವರದ್ದು ಬರೆಯುತ್ತಾರೆ. ತಪಾಸಣೆಯವರಿಗೆ ಮಾತ್ರ ಪ್ರತಿಸಲವೂ “ನಂಬರ್ ಸ್ಲೇಟಿನಲ್ಲಿದೆ, ಆಮೇಲೆ ನೋಡಿ” ಎನ್ನುತ್ತಾರೆ. ಕೊನೆಗೆ ತಪಾಸಣೆಯವರು ಎಷ್ಟು ಸಲ ನೋಡಿದರೂ ಸ್ಲೇಟಿನಲ್ಲಿರುವುದು ಕೊನೆಯ ನಂಬರ್ ಒಂದೇ. ‘ಗೋ’ ಭಾಷೆಯ ಲೂಪ್ ಆಗ ಇದೇ ರೀತಿ, ಇಡೀ ಪಟ್ಟಿಗೆ ಒಂದೇ ಸ್ಲೇಟು ಬಳಸುತ್ತಿತ್ತು.

ದೋಷವನ್ನು ಬೇಗನೆ ಸರಿಪಡಿಸಿದರು. ಆದರೆ ಅಷ್ಟರಲ್ಲಿ 30,48,289 ಪ್ರಮಾಣಪತ್ರಗಳಿಗೆ ಅದರ ನೆರಳು ತಾಗಿತ್ತು. ಎಲ್ಲವನ್ನೂ ರದ್ದು ಮಾಡುವುದಾಗಿ ಸಂಸ್ಥೆ ಮೊದಲು ಹೇಳಿತು. ಹಾಗೆ ಮಾಡಿದರೆ ಅನೇಕ ವೆಬ್‌ಸೈಟ್‌ಗಳಿಗೆ ಭೇಟಿ ಕೊಡುವವರಿಗೆ ತೊಂದರೆಯಾಗುತ್ತದೆ ಎಂದು, ಗಡುವಿನೊಳಗೆ ಸುಮಾರು 17 ಲಕ್ಷ ಪತ್ರಗಳನ್ನಷ್ಟೇ ರದ್ದು ಮಾಡಿತು.

ಬರೆದವರು ಅಜಾಗರೂಕರೇ?

ಗಮನಿಸಬೇಕಾದ್ದು ಇದು. ಬರೆದವರಿಗೆ ಈ ಅಪಾಯ ಗೊತ್ತಿತ್ತು! ಲೂಪ್‌ನಲ್ಲಿ ಎರಡು ‘ಸ್ಲೇಟು’ಗಳಿದ್ದವು. ಒಂದರಲ್ಲಿ ಬರೆದದ್ದನ್ನು ಅಳಿಸುವ ಮೊದಲೇ ನಕಲು ಮಾಡಿಟ್ಟು, ಏಕೆಂದು ಟಿಪ್ಪಣಿಯನ್ನೂ ಬರೆದಿದ್ದರು. ಪಕ್ಕದ ಇನ್ನೊಂದಕ್ಕೆ ಅದೇ ಎಚ್ಚರಿಕೆ ಬಿಟ್ಟುಹೋಗಿತ್ತು. ಗೊತ್ತಿದ್ದವರೂ ಎಡವುವ ಜಾಗದಲ್ಲಿ “ಜಾಗ್ರತೆ” ಎಂಬ ಬೋರ್ಡು ಸಾಲದು, ಹೊಂಡವನ್ನೇ ಮುಚ್ಚಬೇಕು.

ಸಿ ಶಾರ್ಪ್ ಭಾಷೆ 2012ರಲ್ಲೇ ತನ್ನ ಇಂಥದ್ದೇ ಹೊಂಡವನ್ನು ಮುಚ್ಚಿತ್ತು. ‘ಗೋ’ 2024ರ ಫೆಬ್ರವರಿಯಲ್ಲಿ, 1.22ನೇ ಆವೃತ್ತಿಯಲ್ಲಿ ನಿಯಮ ಬದಲಿಸಿತು. ಈಗ ಪ್ರತಿ ಸುತ್ತಿಗೂ ಹೊಸ ಸ್ಲೇಟು. ಹಳೆಯ ಪ್ರೋಗ್ರಾಂಗಳ ನಡವಳಿಕೆ ಇದ್ದಕ್ಕಿದ್ದಂತೆ ಬದಲಾಗದಿರಲಿ ಎಂದು, ಹೊಸ ಆವೃತ್ತಿ ಬೇಕೆಂದು ನಮೂದಿಸಿದ ಪ್ರೋಗ್ರಾಂಗಳಿಗೆ ಮಾತ್ರ ಇದು ಅನ್ವಯ.

ಸಂವಹನ ಓದಿದ ನನಗೆ ಇದು ಪರಿಚಿತ ಪಾಠ. ಒಂದು ಅರ್ಜಿ ನಮೂನೆಯನ್ನು ನೂರಾರು ಜನ ಒಂದೇ ರೀತಿ ತಪ್ಪಾಗಿ ತುಂಬಿದರೆ, ಬದಲಾಗಬೇಕಾದ್ದು ಜನರಲ್ಲ, ನಮೂನೆ.

ಕೊನೆಗೊಂದು ಮಾತು: ‘ಎಚ್‌ಟಿಟಿಪಿಎಸ್’ ಇದೆ ಎಂದ ಮಾತ್ರಕ್ಕೆ ಆ ವೆಬ್‌ಸೈಟಿನವರು ಪ್ರಾಮಾಣಿಕರು ಎಂದಲ್ಲ. ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಅರ್ಥ. ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತುವ ಮೊದಲು ವಿಳಾಸವನ್ನು ಪೂರ್ತಿ ಓದಿ.