ನಕ್ಕಿದ್ದು ಸರಿ, ಕಲಿತ ಪಾಠ ತಪ್ಪು



ಈಚೆಗೆ ನೆಂಟರೊಬ್ಬರ ಗೃಹಪ್ರವೇಶದ ಊಟವಾದ ಮೇಲೆ ಹುಡುಗರು ‘ದಿ ಆಫುಲ್ ಟ್ರೂತ್’ ಎಂಬ ಹಳೆಯ ಇಂಗ್ಲಿಷ್ ಚಿತ್ರವನ್ನು ಹಾಕಿದರು. ವಿಚ್ಛೇದನವನ್ನೇ ವಸ್ತುವಾಗಿ ಉಳ್ಳ ಹಾಸ್ಯಚಿತ್ರ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮುಗಿದೊಡನೆ ಹಿರಿಯರೊಬ್ಬರು, “ನೋಡಿದಿರಾ ಮೇಷ್ಟ್ರೇ, ಕೊನೆಗೆ ಒಂದಾಗಲೇಬೇಕಾಯಿತು. ಈ ಡೈವೋರ್ಸ್ ಎಲ್ಲ ಬರೀ ಹುಡುಗಾಟ” ಎಂದು ತೀರ್ಪಿತ್ತರು. ಅಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಮಾತಿಲ್ಲದೆ ಎದ್ದು ಒಳಗೆ ಹೋದಳು. ಆಕೆ ಯಾರೆಂದು ಊಹಿಸುವ ಗೋಜು ಬೇಡ. ಅಂದು ನಾನು ಸುಮ್ಮನಿದ್ದೆ. ಅದಕ್ಕೆ ಪ್ರಾಯಶ್ಚಿತ್ತವೇ ಈ ಬರಹ.

1937ರ ಈ ಅಮೆರಿಕನ್ ಚಿತ್ರ ಲಿಯೋ ಮೆಕ್ಯಾರಿಯವರಿಗೆ ಉತ್ತಮ ನಿರ್ದೇಶಕನ ಆಸ್ಕರ್ ತಂದುಕೊಟ್ಟಿತು. ಗಂಡ ಕೇರಿ ಗ್ರಾಂಟ್, ಹೆಂಡತಿ ಐರೀನ್ ಡನ್. ಫ್ಲೋರಿಡಾಕ್ಕೆ ಹೋಗಿದ್ದೆನೆಂದು ಗಂಡ ಸುಳ್ಳು ಹೇಳುತ್ತಾನೆ. ಅವನು ತಂದ ಕಿತ್ತಳೆಯ ಮೇಲೆ ಕ್ಯಾಲಿಫೋರ್ನಿಯಾದ ಮುದ್ರೆ! ರಾತ್ರಿಯೆಲ್ಲ ಹೊರಗಿದ್ದ ಹೆಂಡತಿ ಸಂಗೀತದ ಮೇಷ್ಟ್ರೊಡನೆ ಮನೆಗೆ ಬಂದು, ಕಾರು ಕೆಟ್ಟಿತ್ತು ಎನ್ನುತ್ತಾಳೆ. ಸಂಶಯ ನ್ಯಾಯಾಲಯದ ಮೆಟ್ಟಿಲು ಹತ್ತಿಸುತ್ತದೆ. ಅಲ್ಲಿ ಸಾಕುನಾಯಿ ಯಾರಿಗೆ ಸೇರಬೇಕೆಂಬುದೇ ದೊಡ್ಡ ವ್ಯಾಜ್ಯ. ತೀರ್ಪು ಊರ್ಜಿತವಾಗಲು 90 ದಿನಗಳ ಗಡುವು. ಅದು ಮುಗಿಯುವ ಮಧ್ಯರಾತ್ರಿಯಲ್ಲಿ ಇಬ್ಬರೂ ಒಂದಾಗುತ್ತಾರೆ.

ಇದರಿಂದ ‘ವಿಚ್ಛೇದನ ಹುಡುಗಾಟ’ ಎಂಬ ನೀತಿಯನ್ನು ಹಿಂಡುವವರಿಗೆ ನನ್ನ ಆಕ್ಷೇಪಗಳಿವೆ.

ಮೊದಲನೆಯದು, ಆ ದಂಪತಿಗಳಿಗೆ ಹಣದ ಚಿಂತೆಯಿಲ್ಲ, ಮಕ್ಕಳಿಲ್ಲ. ಯಾರೂ ಯಾರನ್ನೂ ಹೊಡೆದಿಲ್ಲ. ಇದ್ದದ್ದು ಸಂಶಯ ಮತ್ತು ಹಟ ಮಾತ್ರ. ಅಂಥ ಗಾಯಕ್ಕೆ ನಗುವೇ ಔಷಧವಾದೀತು. ಎಲ್ಲ ಗಾಯಗಳಿಗೂ ಆಗದು.

ಎರಡನೆಯದು, ವಿವಾಹದ ಪಾವಿತ್ರ್ಯವನ್ನು ಎತ್ತಿಹಿಡಿಯತಕ್ಕದ್ದೆಂಬ ಸಂಹಿತೆಯೊಂದು ಹಾಲಿವುಡ್‌ನಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿತ್ತು. ಅಂಥ ನಿಯಮದ ನೆರಳಿನಲ್ಲಿ ಮೂಡಿದ ಮುಕ್ತಾಯವನ್ನು ಬದುಕಿನ ನಿಯಮವೆಂದು ಸಾರುವುದು ಎಷ್ಟು ಸರಿ?

ಮೂರನೆಯದೇ ಮುಖ್ಯ. ಅವರಿಬ್ಬರಿಗೂ ಅಗಲುವ ಬಾಗಿಲು ಸಮನಾಗಿ ತೆರೆದಿತ್ತು. ಆದುದರಿಂದಲೇ ಅವರು ಮರಳಿ ಬಂದುದಕ್ಕೆ ಬೆಲೆ. ಬಾಗಿಲಿಗೆ ಬೀಗ ಜಡಿದು ‘ನೋಡಿ, ಒಟ್ಟಿಗಿದ್ದಾರೆ’ ಎಂದು ಹಿಗ್ಗುವುದು ದಾಂಪತ್ಯದ ಗೌರವವಲ್ಲ, ಕಾವಲುಗಾರನ ಹೆಮ್ಮೆ.

ನಮ್ಮ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನ ಸೇರಿದಾಗಲೂ ಆರು ತಿಂಗಳ ಅವಧಿಯನ್ನು ಇರಿಸಲಾಯಿತು. ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಅದನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕಾಲಾವಕಾಶ ಇರುವುದು ಗಂಡಹೆಂಡಿರ ಮರುಯೋಚನೆಗೆ. ನೆಂಟರ ಗುಂಪು ಮುತ್ತಿಗೆ ಹಾಕುವುದಕ್ಕಲ್ಲ.

ಒಡೆದ ಮನೆಯನ್ನು ಕೂಡಿಸುವುದು ಹಿರಿಯರ ಧರ್ಮವಲ್ಲವೇ ಎಂದು ಕೇಳುವಿರಿ. ಹೌದು, ನಿಸ್ಸಂದೇಹವಾಗಿ. ಆದರೆ ಮೊದಲು ಕೇಳಬೇಕು, ಅನಂತರ ಹೇಳಬೇಕು. ಮಗು ಏಕೆ ಅಳುತ್ತಿದೆಯೆಂದು ವಿಚಾರಿಸದೆ ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರನ್ನು ನೀವು ಮೆಚ್ಚಿದ್ದಿರಾ? ನಾನೂ ಒಮ್ಮೊಮ್ಮೆ ಹಾಗೆ ನಿಲ್ಲಿಸಿದ್ದುಂಟು. ಆ ನೆನಪು ಈಗಲೂ ಚುಚ್ಚುತ್ತದೆ.

ಚಿತ್ರವನ್ನು ಅವಶ್ಯ ನೋಡಿ, ಮನಸಾರೆ ನಗಿ. ಆದರೆ ನಕ್ಕು ಮುಗಿದ ಮೇಲೆ ತೀರ್ಪು ಕೊಡುವ ಮುನ್ನ, ಕೋಣೆಯಲ್ಲಿ ಯಾರು ನಗುತ್ತಿಲ್ಲವೆಂದು ಒಮ್ಮೆ ಕಣ್ಣಾಡಿಸಿ. ಆ ಹಿರಿಯರು ಇದನ್ನು ಓದುತ್ತಾರೆಂದು ಬಲ್ಲೆ. ಸಿಟ್ಟಾದರೆ ಮನೆಗೆ ಬನ್ನಿ. ಕಾಫಿ ಕುಡಿಯುತ್ತ ಜಗಳವಾಡೋಣ.