ಜಗಲಿಯ ಮಾತು: ವೇಷ ಕಳಚಿದ ಅಕ್ಷರಗಳು

ಈ ಸಲದ ವೈಶಾಖದಲ್ಲಿ ನಮ್ಮ ಕೊಳ್ಳೇಗಾಲದ ಬಿಸಿಲನ್ನು ವರ್ಣಿಸಲು ಹೊರಟರೆ ಅದೇ ಒಂದು ಋತುವರ್ಣನೆಯಾಗಿ ಬೆಳೆದು, ಹೇಳಬೇಕಾದ ವಿಷಯಕ್ಕೆ ಎಡೆಯೇ ಇಲ್ಲದೆ ಹೋದೀತು. ಮಧ್ಯಾಹ್ನ ಎರಡು ಗಂಟೆಗೆ ಬೀದಿಯಲ್ಲಿ ನಾಯಿಯೂ ಸಂಚರಿಸದು. ಅಂಥ ಹೊತ್ತನ್ನೇ ನೋಡಿಕೊಂಡು ವಿದ್ಯುಚ್ಛಕ್ತಿಯೂ ನಮ್ಮನ್ನು ಅಗಲುವುದು ವಾಡಿಕೆ. ಕರೆಂಟು ಹೋದಾಗಲೆಲ್ಲ ನನಗೆ ಶಿವನಸಮುದ್ರ ನೆನಪಾಗುತ್ತದೆ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ದೂರ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ನಮ್ಮ ಹಿರಿಯರಾದರೋ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯವರು. ಹೊಳೆಯ ಈಚೆಯ ದಡದಲ್ಲಿ ಹರಳೆಣ್ಣೆಯ ದೀಪವನ್ನು ಹಚ್ಚಿಕೊಂಡು, ಆಚೆಯ ದಡದ ಮೈಸೂರಿನ ವೈಭವವನ್ನು ಕಿವಿಯಿಂದ ಕೇಳುತ್ತಿದ್ದವರು. 1956ರಲ್ಲಿ ತಾಲ್ಲೂಕು ಮೈಸೂರು ರಾಜ್ಯವನ್ನು ಸೇರಿತೆಂಬುದು ನಿಜ. ಆದರೆ ಬೇಸಗೆಯ ಮಧ್ಯಾಹ್ನಗಳಲ್ಲಿ ಈ ಸಂಗತಿ ಕೆಲವೊಮ್ಮೆ ಸಂದೇಹಾಸ್ಪದವೆನಿಸುತ್ತದೆ.

ಅದಿರಲಿ. ಇಂಥದೊಂದು ಅಪರಾಹ್ನದಲ್ಲಿ ಆರಂಭವಾದ ಒಂದು ಕೆಲಸದ ವೃತ್ತಾಂತವನ್ನು ಈ ತಿಂಗಳು ನಿವೇದಿಸುತ್ತೇನೆ.

ಅಧ್ಯಾಪಕ ವೃತ್ತಿಯಲ್ಲಿ ನಾನು ಹನೂರು, ಯಳಂದೂರು, ಕೊಳ್ಳೇಗಾಲ ಈ ಮೂರು ಊರುಗಳಲ್ಲಿಯೇ ಸುತ್ತಿದವನು. ಸಂಸ್ಕೃತ ಓದಿದವನಿಗೆ ಶಬ್ದದ ಚಾಪಲ್ಯ ಹೋಗದು. ಮಕ್ಕಳು ಮನೆಯಿಂದ ತರುತ್ತಿದ್ದ ಮಾತುಗಳನ್ನು ನೋಟುಬುಕ್ಕುಗಳಲ್ಲಿ ಬರೆದಿಡುತ್ತಿದ್ದೆ. ಮನೆಗೆ ಅಟ್ಟಿ, ಮಕ್ಕಳಿಗೆ ಹೈಕಳು, ಸ್ವಲ್ಪಕ್ಕೆ ವಸಿ. ಮಾದಪ್ಪನ ಬೆಟ್ಟಕ್ಕೆ ಹೋಗುವ ಜನಸಮೂಹಕ್ಕೆ ಪರಸೆ. ನಮ್ಮ ಅವ್ವ ರೇಷ್ಮೆಹುಳು ಸಾಕಿ ಸಂಸಾರವನ್ನು ತೂಗಿದವಳು. ಚಾಕಿ, ಚಂದ್ರಿಕೆ, ಗೂಡು ಮುಂತಾಗಿ ಆಕೆಯ ಬಾಯಿಂದ ಬಂದ ಪದಗಳಿಗೆ ಬೇರೆಯೇ ಒಂದು ಪುಸ್ತಕವಿತ್ತು. 2004ರಲ್ಲಿ ಸಾಲ ಮಾಡಿ ಒಂದು ಗಣಕಯಂತ್ರವನ್ನು ಕೊಂಡ ಮೇಲೆ ಅವನ್ನೆಲ್ಲ ಅದರಲ್ಲಿ ಬೆರಳಚ್ಚು ಮಾಡತೊಡಗಿದೆ. ಏಳು ಬೇಸಗೆ ರಜೆಗಳು ಇದಕ್ಕೇ ಸಂದವು. ಮನೆಯಾಕೆ ಆ ಯಂತ್ರಕ್ಕೆ 'ನಿಮ್ಮ ಎರಡನೆಯ ಸಂಸಾರ' ಎಂದು ಹೆಸರಿಟ್ಟಿದ್ದಳು. 2011ರಲ್ಲಿ ಕೆಲಸ ಮುಗಿದು, ಎಲ್ಲವನ್ನೂ ಒಂದು ಸಿ.ಡಿ. ತಟ್ಟೆಗೆ ಇಳಿಸಿದ್ದಾಯಿತು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಲೇಸಿತ್ತು. 2013ರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, 'ಎಲ್ಲವೂ ಯಂತ್ರದಲ್ಲಿದೆಯಲ್ಲ' ಎಂಬ ಪಂಡಿತಾಹಂಕಾರದಿಂದ ಆ ನೋಟುಬುಕ್ಕುಗಳನ್ನು ಹಳೆಯ ಕಾಗದದವನಿಗೆ ತೂಕಕ್ಕೆ ಹಾಕಿಬಿಟ್ಟೆ. ಅವ್ವ ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಮರುವರ್ಷ ಯಂತ್ರವೂ ತೀರಿಕೊಂಡಿತು.

ಈ ಬೇಸಗೆಯಲ್ಲಿ ನನ್ನ ತಮ್ಮನ ಮಗಳು ಮೈಸೂರಿನಿಂದ ರಜೆಗೆ ಬಂದಳು. ಇಂಜಿನಿಯರಿಂಗು ಓದುವ ಹುಡುಗಿ. ಹೊಸ ಯಂತ್ರಗಳಲ್ಲಿ ತಟ್ಟೆ ಹಾಕುವುದಕ್ಕೆ ಬಾಯಿಯೇ ಇರುವುದಿಲ್ಲವಾದ ಕಾರಣ, ಹೊರಗಿನಿಂದ ಜೋಡಿಸುವ ಒಂದು ಪೆಟ್ಟಿಗೆಯನ್ನು ಎರವಲು ತಂದಿದ್ದಳು. ಕಡತವನ್ನು ತೆರೆದೆವು. ಒಂದು ಕನ್ನಡ ಅಕ್ಷರವೂ ಇಲ್ಲ! ಪುಟದಿಂದ ಪುಟಕ್ಕೆ ಇಂಗ್ಲಿಷು ಅಕ್ಷರಗಳು. ಅವುಗಳಲ್ಲಿ ಕೆಲವಕ್ಕೆ ತಲೆಯ ಮೇಲೆ ಟೋಪಿ, ಕೆಲವಕ್ಕೆ ಚುಕ್ಕೆ, ಕೆಲವಕ್ಕೆ ಬಾಲ. ನಾನು ಮಾತಾಡದೆ ಕುಳಿತೆ. ಮಗುವೇ ಧೈರ್ಯ ಹೇಳಿತು: "ದೊಡ್ಡಪ್ಪ, ಹೆದರಬೇಡಿ. ಅಕ್ಷರಗಳು ಎಲ್ಲಿಗೂ ಹೋಗಿಲ್ಲ. ವೇಷ ಕಳಚಿಕೊಂಡು ಕೂತಿವೆ, ಅಷ್ಟೇ."

ಇದರ ಮರ್ಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ; ಅನೇಕ ಗೃಹಸ್ಥರ ಮನೆಗಳಲ್ಲಿ ಇಂಥ ಕಡತಗಳಿವೆ. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕ ಮಾತ್ರ ತಿಳಿಯುವುದು. ಹಿಂದಿನ ಪದ್ಧತಿಯಲ್ಲಿ ಒಟ್ಟು 256 ಮನೆಗಳು. ಅವೆಲ್ಲ ಇಂಗ್ಲಿಷು ಮತ್ತು ಯೂರೋಪಿನ ಇತರ ಭಾಷೆಗಳಿಗೆ ಹಂಚಿಹೋಗಿದ್ದುವು. ಕನ್ನಡಕ್ಕೆ ಸ್ವಂತ ಮನೆಯಿಲ್ಲ. ಆದುದರಿಂದ ಅಂದಿನವರು ಒಂದು ಉಪಾಯ ಮಾಡಿದರು. ಒಳಗೆ ಪರಭಾಷೆಯ ಅಂಕವನ್ನೇ ಇರಿಸಿ, ತೆರೆಯ ಮೇಲೆ ತೋರಿಸುವಾಗ ಅದರ ಆಕೃತಿಯನ್ನು ಕನ್ನಡವಾಗಿ ಬರೆಯುವ ಅಕ್ಷರಶೈಲಿಯನ್ನು ನಿರ್ಮಿಸಿದರು. ಹಗ್ಗದಲ್ಲಿ ಹಾವನ್ನು ಕಾಣುವಂತೆ, ನಾವು ಇಷ್ಟು ವರ್ಷ ಇಂಗ್ಲಿಷಿನಲ್ಲಿ ಕನ್ನಡವನ್ನು ಕಾಣುತ್ತಿದ್ದೆವು! ಆ ಶೈಲಿ ಯಂತ್ರದಲ್ಲಿಲ್ಲವಾದರೆ ಭ್ರಾಂತಿ ಹರಿದು ಹಗ್ಗ ಹಗ್ಗವಾಗಿಯೇ ತೋರುವುದು. ವೇದಾಂತದಲ್ಲಿ ಇದು ಜ್ಞಾನ. ನನ್ನ ಪಾಲಿಗೆ ಆ ಹೊತ್ತು ಅದು ಸರ್ವನಾಶವಾಗಿ ಕಂಡಿತು.

ಆ ಉಪಾಯ ಮಾಡಿದವರನ್ನು ನಾನು ದೂರಲಾರೆ. ಬೇರೆ ದಾರಿಯಿಲ್ಲದ ಕಾಲದಲ್ಲಿ ಅವರು ಕನ್ನಡಕ್ಕೆ ಯಂತ್ರದೊಳಗೆ ಪ್ರವೇಶ ಮಾಡಿಸಿದರು. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯಲ್ಲಿ ಉಚ್ಚಾರಣೆಯ ಕ್ರಮದಂತೆಯೇ ವ್ಯಂಜನ, ಒತ್ತಿನ ಕೀಲಿ, ಮತ್ತೆ ವ್ಯಂಜನ ಎಂದು ಒತ್ತಿದರೆ ಸಂಯುಕ್ತಾಕ್ಷರ ಮೂಡುತ್ತದೆ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂದು ಎಷ್ಟೋ ಮನೆಗಳಿಗೆ ಕನ್ನಡದ ಬೆರಳಚ್ಚನ್ನು ಕಲಿಸಿತು.

ಈಗಿನ ಪದ್ಧತಿಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಸಂಪುಟ 1991ರಲ್ಲಿ ಹೊರಟಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳುಳ್ಳ ಒಂದು ಸ್ವಂತ ಬೀದಿಯೇ ಇದೆ. 'ಅ' 3205, 'ಕ' 3221. 'ಕ್ಷ' ಎಂಬುದಕ್ಕೆ ಪ್ರತ್ಯೇಕ ಮನೆಯಿಲ್ಲ. 3221 ಕಕಾರ, 3277 ವಿರಾಮ, 3255 ಷಕಾರ, ಮೂರೂ ಸೇರಿ ಕ್ಷಕಾರ. ನಾನು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ ವರ್ಣವಿಭಾಗವೇ ಇದು. ನಮ್ಮ ದೇಶದ ಲಿಪಿಗಳ ಬೀದಿಗಳನ್ನು ಭಾರತೀಯರೇ ಸಿದ್ಧಪಡಿಸಿದ್ದ 'ಇಸ್ಕಿ' ಸಂಹಿತೆಯ 1988ರ ಕ್ರಮವನ್ನು ಅನುಸರಿಸಿ ಕಟ್ಟಿದ್ದಾರೆ. ನಾಗರಿಯಲ್ಲಿ ಕಕಾರವು 2325. ಅದಕ್ಕೆ 896ನ್ನು ಕೂಡಿದರೆ ಕನ್ನಡದ ಕಕಾರ! ಅಕಾರಕ್ಕೂ ಹಾಗೆಯೇ, ವಿರಾಮಕ್ಕೂ ಹಾಗೆಯೇ.

ಇದನ್ನು ಕೇಳಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಮಾರನೆಯ ದಿನ ಮಗುವಿನಿಂದ ನಾಲ್ಕು ಸಾಲಿನ ಆಜ್ಞೆ ಬರೆಸಿ, ನಾಗರಿಯಲ್ಲಿದ್ದ ಒಂದು ಸುಭಾಷಿತದ ಪ್ರತಿಯೊಂದು ಅಂಕಕ್ಕೂ 896 ಕೂಡಿಸಿದೆವು. ಕ್ಷಣಾರ್ಧದಲ್ಲಿ ಶ್ಲೋಕವು ಶುದ್ಧ ಕನ್ನಡ ಲಿಪಿಯಲ್ಲಿ ಎದ್ದು ನಿಂತಿತು. ಪಾದಾಂತ್ಯದ ದಂಡ ಮಾತ್ರ ಬರಿಯ ಚೌಕವಾಗಿತ್ತು. ವಿಚಾರಿಸಿದರೆ, ದಂಡವು ಎಲ್ಲ ಲಿಪಿಗಳಿಗೂ ಒಂದೇ; ಅದು ನಾಗರಿಯ ಬೀದಿಯಲ್ಲಿ ವಾಸಿಸುತ್ತ ಎಲ್ಲರ ಮನೆಗೂ ಹೋಗಿ ಬರುವುದು. ನಾವು ಅದನ್ನೂ ಎಳೆತಂದದ್ದರಿಂದ ಯಾರೂ ಇಲ್ಲದ ಖಾಲಿ ನಿವೇಶನದಲ್ಲಿ ಹೋಗಿ ಬಿದ್ದಿತ್ತು. ಅರುವತ್ತರ ವಯಸ್ಸಿನಲ್ಲಿ ಹೀಗೆ ನಕ್ಕದ್ದು ಅಪರೂಪ.

ಅಷ್ಟರಲ್ಲಿ ಮಜ್ಜಿಗೆಗೆಂದು ಬಂದಿದ್ದ ನೆರೆಮನೆಯ ನೇಕಾರರು ತೆರೆಯ ಮೇಲಿನ ಅಂಕಗಳನ್ನು ನೋಡಿ, "ಇದೇನು ಮೇಷ್ಟ್ರೇ, ನಮ್ಮ ಮಗ್ಗದ ರಟ್ಟಿನ ಹಾಗಿದೆಯಲ್ಲ?" ಎಂದರು. ಅವರ ಊಹೆ ಎಷ್ಟು ಯುಕ್ತವಾದದ್ದೆಂದು ಅವರಿಗೇ ತಿಳಿದಿರಲಿಲ್ಲ. ಸೀರೆಯ ಸೆರಗಿನ ಹೂಬಳ್ಳಿಯನ್ನು ರಟ್ಟಿನ ತೂತುಗಳಲ್ಲಿ ಬರೆದಿಡುವ ಯುಕ್ತಿಯನ್ನು ಫ್ರಾನ್ಸಿನ ಜಕಾರ್ಡನು 1804ರ ಸುಮಾರಿಗೆ ಸಿದ್ಧಪಡಿಸಿದನು. ಮುಂದೆ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಿತಯಂತ್ರದ ಯೋಜನೆಗೆ ಅದೇ ರಟ್ಟುಗಳನ್ನು ತೆಗೆದುಕೊಂಡನು. ತೂತು ಇದ್ದರೆ ಒಂದು, ಇಲ್ಲದಿದ್ದರೆ ಮತ್ತೊಂದು. ರೇಷ್ಮೆಯ ಊರಿನವರಾದ ನಾವು ಗಣಕಯಂತ್ರವನ್ನು ಕಂಡು ಬೆರಗಾಗಬೇಕಾದ ಕಾರಣವೇ ಇಲ್ಲವೆಂದು ಅವರಿಗೆ ಹೇಳಿದೆ. ಅವರು ಬೆರಗಾದಂತೆ ಕಾಣಲೂ ಇಲ್ಲ. ಮಜ್ಜಿಗೆ ಮುಗಿಸಿ ಹೋದರು.

ಇನ್ನು ನನ್ನ ಪದಕೋಶದ ವಿಷಯ. ಹಳೆಯ ವೇಷಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಧರ್ಮಾರ್ಥವಾಗಿಯೇ ದೊರೆಯುತ್ತವೆ. ಕೆಲಸ ಒಂದು ನಿಮಿಷದ್ದು. ತಿದ್ದುವುದು ಒಂದು ತಿಂಗಳದ್ದು. ಮುಖ್ಯ ತೊಡಕು ಅರ್ಕಾವೊತ್ತಿನದು. 'ಸೂರ್ಯ' ಎಂಬಲ್ಲಿ ನಾಲಗೆ ರೇಫವನ್ನು ಮೊದಲು ಹೇಳಿ ಯಕಾರವನ್ನು ಆಮೇಲೆ ಹೇಳುತ್ತದೆ. ಕೈ ಮಾತ್ರ ಯಕಾರವನ್ನು ಬರೆದು ಅದರ ಮುಂದೆ ಅರ್ಕಾವೊತ್ತನ್ನು ಇಡುತ್ತದೆ. ಹಳೆಯ ಕಡತ ಕಣ್ಣು ಕಂಡಂತೆ ಜೋಡಿಸಿತ್ತು, ಹೊಸದು ಬಾಯಿ ನುಡಿದಂತೆ ಕೇಳುತ್ತದೆ. ಪರಿವರ್ತಕವು ರೇಫವನ್ನು ಹಿಂದಕ್ಕೆ ಒಯ್ಯಬೇಕು; ಅಲ್ಲಲ್ಲಿ ಅದು ಎಡವಿ, ರೇಫಗಳು ಪಕ್ಕದ ಮನೆಗೆ ನುಗ್ಗಿದ್ದುವು. ಮಗು ಓದುತ್ತಿದ್ದಳು, ನಾನು ತಿದ್ದುತ್ತಿದ್ದೆ. ಎಲ್ಲ ಸರಿಯಾದ ಮೇಲೆ ಆಕೆ ಒಂದು ಕೀಲಿಯನ್ನು ಒತ್ತಿದಳು. ಏಳು ಬೇಸಗೆಗಳ ಪದಗಳೆಲ್ಲ ಅಕಾರಾದಿಯಾಗಿ ಸಾಲುಗೊಂಡವು. 1894ರಲ್ಲಿ ಕಿಟ್ಟೆಲ್ ಸಾಹೇಬರ ನಿಘಂಟು ಅಚ್ಚಾದಾಗ ಇಂಥ ಒಂದು ಕೀಲಿ ಇದ್ದಿದ್ದರೆ ಅವರ ಎಷ್ಟು ಕಣ್ಣು ಉಳಿಯುತ್ತಿತ್ತೋ!

ಆದರೆ ತಟ್ಟೆಯ ಅಂಚಿನಲ್ಲಿ ಒಂದು ಗೀರು ಇತ್ತು. ಅದು ವೇಷದ ತೊಂದರೆಯಲ್ಲ, ದೇಹಕ್ಕೇ ಬಂದ ರೋಗ; ಅದಕ್ಕೆ ಪರಿವರ್ತಕವಿಲ್ಲ. ಕೊನೆಯ ಕೆಲವು ಪುಟಗಳು ಚೌಕಗಳಾಗಿ ಹೋಗಿದ್ದುವು. ಅವು ಅವ್ವನ ಪುಟಗಳು. 'ಜ್ವರ' ಎಂಬ ಪದದ ಕೆಳಗೆ ಆಕೆಯ ಮಾತನ್ನೇ ಬರೆದಿದ್ದೆ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರವೆನ್ನುತ್ತಾರೆ. ಉಳಿದದ್ದು ಇಷ್ಟು: "ಹುಳ ಜ್ವರಕ್ಕೆ ಕೂತವೆ, ತಲೆ ಎತ್ಕಂಡು ಸುಮ್ಕವೆ. ಈಗ ಸೊಪ್ಪಾಕಬ್ಯಾಡ. ವಸಿ ಬಾಗ್ಲ..." ಮುಂದೆ ಚೌಕಗಳು.

ನನ್ನ ನೆನಪಿನಂತೆ ಆಕೆ ಹೇಳಿದ್ದು "ಬಾಗ್ಲ ತಗದಿಡು" ಎಂದು. ಜ್ವರದ ಕಾಲದಲ್ಲಿ ಹುಳುವಿನ ಹಾಸಿಗೆ ಒಣಗಿರಬೇಕು, ಗಾಳಿಯಾಡಬೇಕು. ಹಾಗೆಯೇ ಬರೆಯುವ ಮೊದಲು ಯಳಂದೂರಿನಲ್ಲಿರುವ ನಮ್ಮ ಅಕ್ಕನನ್ನು ಒಂದು ಮಾತು ಕೇಳೋಣವೆಂದು ಬಸ್ಸು ಹತ್ತಿದೆ. ಅಕ್ಕ ನನ್ನ ಮಾತನ್ನು ಮುಗಿಸಲು ಬಿಡಲಿಲ್ಲ. "ಅವ್ವ ಹಂಗಂದೇ ಇಲ್ಲ ಕಣಪ್ಪ. 'ಬಾಗ್ಲ ಹಾಕು' ಅಂತಿದ್ಲು. ನೀನು ಸ್ಕೂಲಿಗೋಗ್ತಿದ್ದೆ, ನಿನಗೇನು ಗೊತ್ತು?" ಎಂದಳು. ಮಾತು ಬೆಳೆಯಿತು. ಭಾವನವರು ಪತ್ರಿಕೆಯ ಹಿಂದೆ ಅಡಗಿದರು. ಸುಮಾರು ಒಂದು ಗಂಟೆಯ ಮೇಲೆ ತಿಳಿದುಬಂದದ್ದೇನೆಂದರೆ, ನಾನು ಹೇಳುತ್ತಿದ್ದದ್ದು ಪಡಸಾಲೆಯ ಬಾಗಿಲು. ಅಕ್ಕ ಹೇಳುತ್ತಿದ್ದದ್ದು ಅಡುಗೆಮನೆಯ ಬಾಗಿಲು. ಒಗ್ಗರಣೆಯ ಹೊಗೆ ಹುಳುವಿಗೆ ಆಗದು. ಅಡುಗೆಮನೆಯಲ್ಲಿದ್ದವಳು ಅಕ್ಕ, ಪಡಸಾಲೆಯಲ್ಲಿ ಓದಿಕೊಳ್ಳುತ್ತಿದ್ದವನು ನಾನು. ಅವ್ವ ಇಬ್ಬರಿಗೂ ಹೇಳಿದ್ದಳು. ಆ ಚೌಕಗಳಲ್ಲಿ ಇದ್ದದ್ದು ಯಾವ ಬಾಗಿಲೆಂಬುದು ಮಾತ್ರ ನಮ್ಮಿಬ್ಬರಿಗೂ ಹೇಳಲಾಗಲಿಲ್ಲ. ಎರಡನ್ನೂ ಬರೆದು, ಯಾರ ನೆನಪು ಯಾವುದೆಂದು ಕೆಳಗೆ ಕಾಣಿಸಿದ್ದೇನೆ.

ವಾಚಕರಲ್ಲಿ ಯಾರ ಪೆಟ್ಟಿಗೆಯಲ್ಲಾದರೂ ಹಳೆಯ ತಟ್ಟೆಗಳಿದ್ದರೆ, ಈ ರಜೆಯಲ್ಲಿಯೇ ಮನೆಯ ಹುಡುಗರಿಂದ ತೆಗೆಸಿ ನೋಡಿರಿ. ಯೂನಿಕೋಡಿಗೆ ಬದಲಿಸಿ, ಬೇರೆ ಬೇರೆ ಎರಡು ಸ್ಥಳಗಳಲ್ಲಿ ಪ್ರತಿ ಇಡಿರಿ; ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿರಿ. ನೋಟುಬುಕ್ಕುಗಳನ್ನು ಹಳೆಯ ಕಾಗದದವನಿಗೆ ಹಾಕಬೇಡಿರಿ.

ಅಕ್ಕನ ದೂರವಾಣಿ ಈಗ ದಿನವೂ ಬರುತ್ತಿದೆ. ಮೊನ್ನೆ ಮಧ್ಯಾಹ್ನ, ಕರೆಂಟು ಹೋಗಿ ಸ್ವಲ್ಪ ಹೊತ್ತಾಗಿತ್ತು, "ಇನ್ನೊಂದು ನೆಪ್ಪಾಯ್ತು, ಬರ್ಕೊ" ಎಂದಳು. ಯಂತ್ರದ ಬ್ಯಾಟರಿಯಲ್ಲಿ ಇನ್ನೂ ಇಪ್ಪತ್ತು ನಿಮಿಷದ ಶಕ್ತಿ ಇತ್ತು. ಬರೆದುಕೊಂಡೆ.